ಮನೆಯೊಳಗಣ ಬೆಳಕು

ಕಳೆದ ಶ್ರಾವಣದಲ್ಲಿ ಬೆಂಗಳೂರಿನ ಮಗನ ಹೊಸ ಮನೆಗೆ ಹೋಗಿದ್ದೆ. ಬಹುಮಹಡಿ ಕಟ್ಟಡದ ಏಳನೆಯ ಅಂತಸ್ತು. ಎರಡು ಮಲಗುವ ಕೋಣೆ, ಒಂದು ಹಾಲ್, ಒಂದು ಅಡಿಗೆಮನೆ. ಒಳಗಿನದನ್ನೆಲ್ಲ ಸೊಸೆಯೇ ಹೊಂದಿಸಿದ್ದಳು. ಕಾಲಿಟ್ಟೊಡನೆ ನಾನು ದೇವರ ಕೋಣೆಗಾಗಿ ಕಣ್ಣಾಡಿಸಿದೆ. ಅದು ಇರಲಿಲ್ಲ. "ಇಷ್ಟೆಲ್ಲ ಖರ್ಚು ಮಾಡಿ ಪೂಜೆಗೊಂದು ತಾವು ಮಾಡಿಸಲಿಲ್ಲವೇನವ್ವಾ?" ಎಂದು ಕೇಳಿಯೇಬಿಟ್ಟೆ. ಆಕೆ ಮಾತನಾಡಲಿಲ್ಲ.

ಮರುದಿನ ಮುಂಜಾನೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಪೂರ್ವದ ಕಿಟಕಿಯ ಬಳಿ ಕುರ್ಚಿಗಳನ್ನು ಸರಿಸಿ, ಕಂಬಳಿಯ ಆಸನ ಹಾಸಿ, ವಿಭೂತಿ, ಪತ್ರಿ, ಅಗ್ಘವಣಿಗಳನ್ನು ಅಣಿಗೊಳಿಸಿದ್ದಳು. ಮೂರಡಿ ಉದ್ದ, ಮೂರಡಿ ಅಗಲದ ಸ್ಥಳ. ಎಳೆಬಿಸಿಲು ನನ್ನ ಅಂಗೈಯ ಲಿಂಗದ ಮೇಲೆ ಬಿದ್ದಿತು. 12ನೆಯ ಶತಮಾನದ ಶರಣರು ದೇವರನ್ನು ಗುಡಿಯ ಗೋಡೆಗಳಿಂದ ಬಿಡಿಸಿ ಭಕ್ತನ ಅಂಗದ ಮೇಲೆ ನೆಲೆಗೊಳಿಸಿದರೆಂಬುದನ್ನು ಮಠದಲ್ಲಿ ಓದಿದವನು, ಅದನ್ನೇ ಇತರರಿಗೆ ಬೋಧಿಸಿದವನು ನಾನು. ಆದರೂ ನಿನ್ನೆ ಮತ್ತೆ ಗೋಡೆಗಳನ್ನೇ ಹುಡುಕಿದ್ದೆ.

ಪ್ರಸಾದಕ್ಕೆ ಕುಳಿತಾಗ ಅಡಿಗೆಮನೆಯನ್ನು ಗಮನಿಸಿದೆ. ದೊಡ್ಡ ಕಿಟಕಿ, ಕೈಗೆಟುಕುವ ಹಲಗೆಗಳು, ಧಾರಾಳವಾದ ಗಾಳಿ. ನಮ್ಮೂರಿನ ಹಳೆಯ ಮನೆ ನೆನಪಾಯಿತು. ಮಣ್ಣಿನ ಮಾಳಿಗೆ, ತೇಗದ ಕಂಬ, ಬೇಸಗೆಯಲ್ಲೂ ತಣ್ಣಗಿರುವ ಶಹಾಬಾದ್ ಕಲ್ಲಿನ ವಿಶಾಲ ಪಡಸಾಲೆ. ಅದನ್ನು ಎಷ್ಟೋ ಸಭೆಗಳಲ್ಲಿ ಕೊಂಡಾಡಿದ್ದೇನೆ. ಆದರೆ ಅಡಿಗೆಮನೆ ಎಲ್ಲಕ್ಕಿಂತ ಒಳಗಿತ್ತು. ಬೆಳಕಿಗೆ ಮೇಲೊಂದು ಬೆಳಕಿಂಡಿ ಮಾತ್ರ. ನಮ್ಮವ್ವ ಹೊಗೆಯಲ್ಲಿ ಕೆಮ್ಮುತ್ತ ಜಂಗಮರಿಗೆ ರೊಟ್ಟಿ ಬಡಿದಳು. ದಾಸೋಹದ ಹಿರಿಮೆಯನ್ನು ನಾವು ಗಂಡಸರು ಪಡಸಾಲೆಯಲ್ಲಿ ಕುಳಿತು ವರ್ಣಿಸಿದೆವು. ಕಾಯಕಕ್ಕೆ ಹಿರಿದು ಕಿರಿದು ಇಲ್ಲವೆನ್ನುವ ಧರ್ಮದವರ ಮನೆಯಲ್ಲಿ, ಹಗಲೆಲ್ಲ ದುಡಿಯುವವಳಿಗೆ ಕತ್ತಲೆಯ ಮೂಲೆ ಏಕೆ?

ಮನೆ ಕಟ್ಟುವ, ಸಿಂಗರಿಸುವ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಕಿಟಕಿಗೆ ಅಡ್ಡವಾಗಿ ಕಪಾಟು ನಿಲ್ಲಿಸಬೇಡಿ. ಚಿಕ್ಕ ಕೋಣೆಗೆ ತಿಳಿಬಣ್ಣ ಬಳಿಯಿರಿ. ಇದ್ದ ಬೆಳಕು ಇಮ್ಮಡಿಯಾದಂತೆ ತೋರುವುದು. ವೃದ್ಧರ ಮಂಚ ಬಚ್ಚಲಿಗೆ ಸಮೀಪವಿರಲಿ, ನೆಲ ಜಾರದಿರಲಿ. ಅಜ್ಜಿ ಹೊಲಿದ ಕೌದಿಯನ್ನು ಗಂಟುಕಟ್ಟಿ ಇಡದೆ ದಿವಾನದ ಮೇಲೆ ಹಾಸಿರಿ. ವಚನಗ್ರಂಥಗಳನ್ನು ಗಾಜಿನ ಬಾಗಿಲಿನ ಹಿಂದೆ ಬೀಗ ಹಾಕದೆ ಮಕ್ಕಳ ಕೈಗೆ ನಿಲುಕುವಂತೆ ಇರಿಸಿರಿ. ಬಂದವರಿಗೆ ಹಾಸಲು ಒಂದು ಜಮಖಾನೆ ಸದಾ ಸಿದ್ಧವಿರಲಿ.

ಹೊರಡುವ ದಿನ ಸೊಸೆಗೆ, "ಅಂದು ನಾನಾಡಿದ ಮಾತು ತಪ್ಪಾಯಿತವ್ವಾ" ಎಂದೆ. ಆಕೆ ನಕ್ಕು, "ಆಸನ ಅಲ್ಲಿಯೇ ಇದೆ, ಮಾವನವರೆ. ಈಗ ಮುಂಜಾನೆ ನಾನು ಅಲ್ಲಿ ಕುಳಿತುಕೊಳ್ಳುತ್ತೇನೆ" ಎಂದಳು.