80 ಡಾಲರಿನೊಳಗೆ ಒಂದು ರೀಲು



ಮೀನು ಹಿಡಿಯುವ ಸಲಕರಣೆಯ ಬಗ್ಗೆ ನಾನು ಬರೆಯುತ್ತೇನೆಂದರೆ ನನ್ನನ್ನು ಬಲ್ಲವರು ನಕ್ಕಾರು. ತಲೆತಲಾಂತರದಿಂದ ಮಾಂಸ ಮುಟ್ಟದ ಮನೆ ನಮ್ಮದು. 34 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ಮೀನುಗಾರಿಕೆಯ ಪರಿಚಯವೆಂದರೆ ತುಂಗಭದ್ರೆಯ ದಂಡೆಯಲ್ಲಿ ಬಲೆ ಒಣಗಹಾಕುವುದನ್ನು ದೂರದಿಂದ ಕಂಡದ್ದಷ್ಟೇ. ಆದರೂ 2023ರ ಬೇಸಿಗೆಯಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿರುವ ಮಗನ ಮನೆಯಲ್ಲಿದ್ದಾಗ, ದೊಡ್ಡ ಕ್ಯಾಟ್‌ಫಿಶ್ ಹಿಡಿಯಲು ಕಡಿಮೆ ಬೆಲೆಯ ರೀಲನ್ನು ಆರಿಸುವುದು ಹೇಗೆಂಬ ಪ್ರಶ್ನೆಗೆ ಎರಡು ವಾರ ತಲೆ ಕೊಟ್ಟೆ. ಈ ಸುದ್ದಿ ಬಂಧುಗಳಲ್ಲಿ ಹೇಗೋ ಹರಡಿ, "ಮೇಷ್ಟ್ರು ಈ ವಯಸ್ಸಿನಲ್ಲಿ ಗಾಳ ಹಿಡಿದರಂತೆ" ಎಂಬ ಮಾತು ನನ್ನ ಕಿವಿಗೂ ಬಿತ್ತು. ಆದ್ದರಿಂದ ನಡೆದದ್ದನ್ನು ನಾನೇ ಬರೆದುಬಿಡುವುದು ಮೇಲು.

ಮಗನ ಮನೆ ಇರುವುದು ರಿಚ್ಮಂಡ್ ನಗರದ ಹೊರವಲಯದಲ್ಲಿ. ಜೇಮ್ಸ್ ನದಿ ಅಲ್ಲಿಂದ ಬಹು ದೂರವಿಲ್ಲ. 13 ವರ್ಷದ ಮೊಮ್ಮಗನಿಗೆ ಗಾಳದ ಹುಚ್ಚು ಹಿಡಿಸಿದವರು ಪಕ್ಕದ ಮನೆಯ ಹಿರಿಯರು. ಮಗನಿಗೆ ಇದು ಸೇರದು. "ನಮ್ಮ ಮನೆಗೆ ಈ ಹಿಂಸೆ ಬೇಡ" ಎನ್ನುವುದು ಅವನ ಮಾತು. "ಅವರೆಲ್ಲ ಹಿಡಿಯುತ್ತಾರಲ್ಲ, ನಾನು ಮಾತ್ರ ಯಾಕೆ ಬಿಡಬೇಕು?" ಎನ್ನುವುದು ಹುಡುಗನ ಹಠ. ಒಂದು ಸಂಜೆ ಅವನ ಹಳೆಯ ರೀಲಿನ ಒಳಗಿನ ಹಲ್ಲುಗಾಲಿ ಸವೆದು ಜಾರಿತು, ದಾರ ಕಡಿಯಿತು, ದೊಡ್ಡ ಮೀನೊಂದು ಕೊಕ್ಕೆಯ ಸಮೇತ ಹೋಯಿತು. ಆ ರಾತ್ರಿ ಅವನು ಊಟ ಮಾಡಲಿಲ್ಲ. ಮೀನು ಕೈತಪ್ಪಿತೆಂದು ಅಳುತ್ತಿದ್ದಾನೆಂದುಕೊಂಡು ಹತ್ತಿರ ಹೋದೆ. "ಅಜ್ಜಾ, ಅದರ ಬಾಯಲ್ಲಿ ಕೊಕ್ಕೆ ಹಾಗೇ ಇರುತ್ತಲ್ಲ" ಎಂದ. ಅಪ್ಪನಿಗೆ ಕಾಣದ ಮರುಕವೊಂದು ಆ ಮಾತಿನಲ್ಲಿ ನನಗೆ ಕಂಡಿತು. ಹುಲ್ಲು ಕತ್ತರಿಸಿ, ಉದುರಿದೆಲೆ ಗುಡಿಸಿ ಅವನು ಕೂಡಿಟ್ಟ ಹಣ 80 ಡಾಲರ್ ಇತ್ತು. "ಹೊಸ ರೀಲು ಬೇಕಾದರೆ ನಿನ್ನ ದುಡ್ಡಿನಲ್ಲೇ ತೆಗೆದುಕೋ" ಎಂದು ಮಗ ಹೇಳಿಬಿಟ್ಟಿದ್ದ. ಹಾಗಾಗಿ ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಮೀನಿನ ವಿಚಾರ. ಅಲ್ಲಿ ಸಿಗುವುದು ನೀಲಿ ಕ್ಯಾಟ್‌ಫಿಶ್. ಮೀಸೆಯುಳ್ಳ, ಹುರುಪೆಯಿಲ್ಲದ ಮೀನು. ನಮ್ಮ ನದಿಗಳ ಬಾಳೆಮೀನಿನ ದೂರದ ನೆಂಟ. ಇದರ ಮೂಲ ನೆಲೆ ಮಿಸಿಸಿಪ್ಪಿ, ಮಿಸೌರಿ, ಒಹಾಯೊ ನದಿಗಳು. ಮೋಜಿನ ಮೀನುಗಾರಿಕೆಗೆಂದು 1974ರಿಂದ 1985ರವರೆಗೆ ವರ್ಜೀನಿಯಾದ ಜೇಮ್ಸ್, ಯಾರ್ಕ್, ರ್‍ಯಾಪಹ್ಯಾನಕ್ ನದಿಗಳಲ್ಲಿ ಇದನ್ನು ತಂದು ಬಿಟ್ಟರು. ಅದು ಅಲ್ಲಿಂದ ಚೆಸಪೀಕ್ ಕೊಲ್ಲಿಯ ಉದ್ದಗಲಕ್ಕೆ ಹಬ್ಬಿ, ಸ್ಥಳೀಯ ಮೀನು, ಏಡಿಗಳನ್ನು ತಿಂದು ಬೆಳೆಯುತ್ತಿದೆ. ಬೆಳೆಯುವುದೆಂದರೆ ಸಾಮಾನ್ಯವಲ್ಲ. 2011ರ ಜೂನ್‌ನಲ್ಲಿ ವರ್ಜೀನಿಯಾ ಮತ್ತು ಉತ್ತರ ಕೆರೊಲಿನಾಗಳ ಗಡಿಯ ಕೆರ್ ಜಲಾಶಯದಲ್ಲಿ ಗಾಳಕ್ಕೆ ಸಿಕ್ಕಿದ ಮೀನು 143 ಪೌಂಡ್, ಅಂದರೆ ಸುಮಾರು 65 ಕಿಲೋ ತೂಗಿತು. ಇಂಥ ಪ್ರಾಣಿಯ ಎಳೆತಕ್ಕೆ ಆಟಿಕೆಯಂಥ ರೀಲು ನಿಲ್ಲುವುದಿಲ್ಲ.

ರೀಲುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮುಚ್ಚಳದೊಳಗೆ ದಾರ ಅಡಗಿರುವುದು ಮೊದಲನೆಯದು. ಗುಂಡಿ ಒತ್ತಿ ಎಸೆದರಾಯಿತು, ಮಕ್ಕಳಿಗೆ ಸುಲಭ. ಅಮೆರಿಕದಲ್ಲಿ ಇದನ್ನು ಮನೆಮಾತಾಗಿಸಿದ ಜೆಬ್ಕೊ ಕಂಪನಿಯ ಮೂಲ ಹೆಸರು 'ಜೀರೊ ಅವರ್ ಬಾಂಬ್ ಕಂಪನಿ'. ಎಣ್ಣೆ ಬಾವಿಗಳಿಗೆ ಸ್ಫೋಟಕ ತಯಾರಿಸುತ್ತಿದ್ದವರು 1949ರಲ್ಲಿ ರೀಲಿಗಿಳಿದರು! ಎರಡನೆಯದು ಕೋಲಿನ ಕೆಳಗೆ ತೂಗುವ, ತೆರೆದ ಉರುಳೆಯ ಸ್ಪಿನ್ನಿಂಗ್ ರೀಲು. ಮೂರನೆಯದು ಕೋಲಿನ ಮೇಲೆ ಕೂರುವ ದುಂಡು ರೀಲು. ಇದರಲ್ಲಿ ದಾರದ ಉರುಳೆಯೇ ತಿರುಗುತ್ತದೆ. ನದಿಯ ತಳದಲ್ಲಿ ಭಾರವಾದ ಸೀಸದೊಡನೆ ಎರೆಯಿಟ್ಟು ಕಾಯುವವರಿಗೆ ಈ ಮೂರನೆಯದೇ ಸರಿಯೆಂದು ಪಕ್ಕದ ಮನೆಯವರು ಹೇಳಿದರು. ಕಾರಣ ಕೇಳಿದಾಗ ಅವರು ಅನುಭವ ಹೇಳಿದರು. ಆ ಅನುಭವದ ಹಿಂದೆ ನನಗೆ ಒಂಬತ್ತನೆಯ ತರಗತಿಯ ಪಾಠಗಳು ಕಂಡವು.

ಎಲ್ಲಕ್ಕಿಂತ ಮುಖ್ಯವಾದದ್ದು ಡ್ರ್ಯಾಗ್. ಮೀನು ಜೋರಾಗಿ ಎಳೆದಾಗ ದಾರ ಕಡಿಯದಂತೆ, ಹಿಡಿತ ಬಿಡದೆ, ಸ್ವಲ್ಪ ಸ್ವಲ್ಪವಾಗಿ ದಾರವನ್ನು ಬಿಟ್ಟುಕೊಡುವ ಏರ್ಪಾಡು ಇದು. ಒಳಗೆ ಒಂದರ ಮೇಲೊಂದು ಒತ್ತಿದ ಬಿಲ್ಲೆಗಳಿರುತ್ತವೆ. ಅವುಗಳ ನಡುವಿನ ಘರ್ಷಣೆಯೇ ತಡೆ. ನನ್ನ ಹಳೆಯ ವಿದ್ಯಾರ್ಥಿಗಳು ನೆನಪಿಸಿಕೊಳ್ಳಲಿ: ನಿಂತ ವಸ್ತುವನ್ನು ಅಲುಗಿಸಲು ಬೇಕಾದ ಬಲ, ಜಾರುತ್ತಿರುವುದನ್ನು ಜಾರಿಸಲು ಬೇಕಾದ ಬಲಕ್ಕಿಂತ ಹೆಚ್ಚು. ಕಳಪೆ ರೀಲಿನಲ್ಲಿ ಈ ಎರಡರ ಅಂತರ ದೊಡ್ಡದು. ಅದು ಮೊದಲು ಕಚ್ಚಿಕೊಂಡು, ಆಮೇಲೆ ಫಕ್ಕನೆ ಜಾರುತ್ತದೆ. ದಾರ ಕಡಿಯುವುದು ಆ ಕಚ್ಚಿಕೊಂಡ ಕ್ಷಣದಲ್ಲಿ. ಕಾರ್ಬನ್ ನಾರಿನ ಬಿಲ್ಲೆಗಳಿದ್ದರೆ ಜಾರುವಿಕೆ ನಯವಾಗಿರುತ್ತದೆ, ನೆನೆದರೂ ಕೆಡುವುದಿಲ್ಲ.

ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಅಮೆರಿಕಕ್ಕೆ ಹೋಗಿಬಂದ ತಂದೆತಾಯಿಯರ ಬಳಿ ಸೂಟ್‌ಕೇಸು ತೂಗುವ ಕೊಕ್ಕೆಯ ತಕ್ಕಡಿ ಇದ್ದೇ ಇರುತ್ತದೆ. ಚಟ್ನಿಪುಡಿ, ಹಪ್ಪಳಗಳ ಭಾರಕ್ಕೆ ಅಂಜಿ ನಾನು ಕೊಂಡದ್ದು ಇಲ್ಲಿ ಉಪಯೋಗಕ್ಕೆ ಬಂತು. ದಾರದ ತುದಿಯನ್ನು ಅದಕ್ಕೆ ಕಟ್ಟಿ ಮೆಲ್ಲನೆ ಎಳೆಯಬೇಕು. ಮುಳ್ಳು ಒಂದೇ ಅಂಕಿಯ ಬಳಿ ನಿಂತರೆ ಡ್ರ್ಯಾಗ್ ಒಳ್ಳೆಯದು. ಕುಣಿದಾಡಿದರೆ ರೀಲನ್ನು ಅಲ್ಲೇ ಇಟ್ಟು ಬರಬೇಕು.

ತಡೆ ಎಷ್ಟಿರಬೇಕು? ದಾರದ ಬಲದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೇಡ. ದಾರ 30 ಪೌಂಡಿನದಾದರೆ ತಡೆ 10 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೋ ಸಾಕು. ಇದಕ್ಕೆ ಲೆಕ್ಕವಿದೆ. ದಾರ ಹೊರಗೆ ಹೋದಂತೆಲ್ಲ ಉರುಳೆಯ ಮೇಲಿನ ಸುತ್ತಿನ ತ್ರಿಜ್ಯ ಕಡಿಮೆಯಾಗುತ್ತದೆ. ಬಿಲ್ಲೆಗಳ ತಡೆ ಮಾತ್ರ ಬದಲಾಗುವುದಿಲ್ಲ. ತ್ರಿಜ್ಯ ಎರಡು ಸೆಂಟಿಮೀಟರಿನಿಂದ ಒಂದಕ್ಕಿಳಿದರೆ ದಾರದ ಮೇಲಿನ ಎಳೆತ ಇಮ್ಮಡಿಯಾಗಿ ಒಂಬತ್ತು ಕಿಲೋ ಮುಟ್ಟುತ್ತದೆ. ಅದಕ್ಕೇ ಉರುಳೆ ದೊಡ್ಡದಿರಬೇಕು, ಇನ್ನೂರು ಗಜದಷ್ಟು ದಾರ ಹಿಡಿಯಬೇಕು. ಈ ಲೆಕ್ಕವನ್ನು ಮೊಮ್ಮಗನೇ ಕಾಗದದ ಮೇಲೆ ಮಾಡಿದ. ಶಾಲೆಯ ಗಣಿತಕ್ಕೆ ಮುಖ ಸಿಂಡರಿಸುವ ಹುಡುಗ!

ಮುಂದಿನದು ಗೇರ್. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಉರುಳೆ ಐದು ಸುತ್ತು ತಿರುಗಿದರೆ ಸಾಕು. ಏಳೆಂಟು ಸುತ್ತಿನ ವೇಗದ ರೀಲುಗಳು ಬೇರೆ ಬಗೆಯ ಮೀನುಗಾರಿಕೆಗೆ. ಲಾರಿ ಘಾಟಿ ಏರುವಾಗ ಚಾಲಕ ಕೆಳಗಿನ ಗೇರಿಗೆ ಇಳಿಸುವುದು ಇದೇ ಕಾರಣಕ್ಕೆ. ಚೌಕಟ್ಟು ಲೋಹದ್ದಾಗಿರಲಿ, ಪ್ಲಾಸ್ಟಿಕ್ಕಿನದು ಭಾರಕ್ಕೆ ಬಾಗಿದರೆ ಹಲ್ಲುಗಾಲಿಗಳ ಹೊಂದಿಕೆ ತಪ್ಪಿ ಸವೆಯುತ್ತವೆ. ಕೋಲನ್ನು ಆನಿಸಿಟ್ಟಿದ್ದಾಗ ಮೀನು ದಾರ ಎಳೆದರೆ ಕಿರ್ರೆಂದು ಸದ್ದು ಮಾಡುವ ಕ್ಲಿಕ್ಕರ್ ಕೂಡ ಇರಲಿ. ಇನ್ನು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚು ಮಾಡಿದ ಬೇರಿಂಗುಗಳ ಸಂಖ್ಯೆ, ಬಣ್ಣ, ಹಗುರತನ, 40 ಪೌಂಡ್ ತಡೆಯ ಹೆಗ್ಗಳಿಕೆ, ಇವುಗಳಿಗೆ ಕಾಸು ಸುರಿಯಬೇಕಿಲ್ಲ. ಅಗ್ಗವೆಂದರೆ ಬೆಲೆ ಕಡಿಮೆ ಎಂದಲ್ಲ. ಕೆಲಸಕ್ಕೆ ಬೇಕಾದುದಕ್ಕೆ ಮಾತ್ರ ಬೆಲೆ ಕೊಡುವುದು.

ಕೊನೆಗೆ ನಾವು ಕೊಂಡದ್ದು ಗಿರವಿ ಅಂಗಡಿಯ ಗಾಜಿನ ಕಪಾಟಿನಲ್ಲಿದ್ದ ಹಳೆಯ ದುಂಡು ರೀಲನ್ನು. ಸ್ವೀಡನ್ನಿನ ಆಬು ಕಂಪನಿಯ ಅಂಬಾಸಡ್ಯೂರ್. 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿ ಆರಂಭವಾದ ಸಂಸ್ಥೆ ಅದು. ಹೆಸರು ಕೇಳಿದೊಡನೆ ನನಗೆ ನೆನಪಾದದ್ದು ನಮ್ಮ ಅಂಬಾಸಡರ್ ಕಾರು. ಬಿಡಿಭಾಗ ಸಿಗುವವರೆಗೂ ಓಡುವ ಜಾತಿ ಎರಡೂ! ಬೆಲೆ 40 ಡಾಲರ್. ಹೊಸ ಕಾರ್ಬನ್ ಬಿಲ್ಲೆಗಳನ್ನು ತರಿಸಿ, ಒಳಗನ್ನು ತೊಳೆದು, ಎಣ್ಣೆ ಹಾಕಿ, ನಾವಿಬ್ಬರೇ ಜೋಡಿಸಿದೆವು. ಉಳಿದ ಹಣದಲ್ಲಿ ಒಳ್ಳೆಯ ದಾರವೂ ವೃತ್ತಾಕಾರದ ಕೊಕ್ಕೆಗಳೂ ಬಂದವು. ಈ ಕೊಕ್ಕೆ ಸಾಮಾನ್ಯವಾಗಿ ಮೀನಿನ ಗಂಟಲಿಗಿಳಿಯದೆ ದವಡೆಯ ಮೂಲೆಗೆ ಸಿಕ್ಕುತ್ತದೆ, ಬಿಡಿಸುವುದು ಸುಲಭ. ಹದಿನಾರು ತುಂಬದವರಿಗೆ ಅಲ್ಲಿ ಪರವಾನಗಿ ಬೇಡವಾದ್ದರಿಂದ ಆ ಖರ್ಚೂ ಇರಲಿಲ್ಲ.

ಬಿಲ್ಲೆ ಜೋಡಿಸುತ್ತಿದ್ದ ರಾತ್ರಿ ಮಗ ಬಂದು ನಿಂತು, "ಅಪ್ಪಾ, ನೀವೇ ಇದಕ್ಕೆ ಒತ್ತಾಸೆ ಕೊಟ್ಟರೆ ನಾನು ಅವನಿಗೆ ಏನು ಹೇಳಲಿ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದಿಷ್ಟು: "ನಾನು ಮೀನು ತಿನ್ನುವುದಿಲ್ಲ, ಹಿಡಿಯುವುದೂ ಇಲ್ಲ, ಅದು ಅವನಿಗೆ ಗೊತ್ತಿದೆ. ಬಿಡುವುದಾದರೆ ಅವನಾಗಿಯೇ ಬಿಡಲಿ. ಅಲ್ಲಿಯವರೆಗೆ ದಾರ ಕಡಿದು ಕೊಕ್ಕೆ ನುಂಗಿದ ಮೀನು ಇನ್ನೊಂದಾಗುವುದು ಬೇಡ." ಮಗ ಒಪ್ಪಲಿಲ್ಲ. ಆದರೆ ತಕ್ಕಡಿಯನ್ನು ಕೈಗೆತ್ತಿಕೊಂಡು ತಾನೂ ಒಮ್ಮೆ ದಾರ ಎಳೆದು ನೋಡಿದ. ಅವನೂ ನನ್ನ ವಿದ್ಯಾರ್ಥಿಯೇ ತಾನೆ!

ಆಗಸ್ಟಿನ ಒಂದು ಶನಿವಾರ 14 ಕಿಲೋ ತೂಗುವ ಮೀನು ಸಿಕ್ಕಿತು. ಡ್ರ್ಯಾಗ್ ಒಮ್ಮೆಯೂ ಕಚ್ಚಿಕೊಳ್ಳಲಿಲ್ಲ. ಜೇಮ್ಸ್ ನದಿಯ ದೊಡ್ಡ ಕ್ಯಾಟ್‌ಫಿಶ್‌ಗಳ ಮೈಯಲ್ಲಿ ಪಿಸಿಬಿ ಎಂಬ ವಿಷ ಸೇರಿರುವುದರಿಂದ ತಿನ್ನಬಾರದೆಂದು ಅಲ್ಲಿನ ಆರೋಗ್ಯ ಇಲಾಖೆಯ ಎಚ್ಚರಿಕೆಯಿದೆ. ಇತ್ತ, ಹೊರಗಿನಿಂದ ಬಂದ ಈ ಮೀನಿನ ಸಂಖ್ಯೆ ತಗ್ಗಬೇಕೆಂಬುದು ಕೊಲ್ಲಿಯನ್ನು ಬಲ್ಲವರ ಅಭಿಪ್ರಾಯ. ಕೊಲ್ಲುವುದೋ ಬಿಡುವುದೋ ಎಂದು ಹುಡುಗ ನನ್ನ ಮುಖ ನೋಡಿದ. ನಾನು ನದಿಯ ಕಡೆ ನೋಡಿದೆ. ಅವನು ಕೊಕ್ಕೆ ಬಿಡಿಸಿ ಮೀನನ್ನು ನೀರಿಗೆ ಬಿಟ್ಟ. ಸರಿಯೋ ತಪ್ಪೋ, ತೀರ್ಮಾನ ಅವನದು.

ನಮ್ಮ ನಾಡಿನಲ್ಲಿ ಲೆಕ್ಕ ಬೇರೆ. ಬಾಳೆಮೀನು ಇಲ್ಲಿಯದೇ ಸಂತತಿ, ಅಳಿವಿನ ಅಪಾಯಕ್ಕೆ ಸಿಕ್ಕಿರುವ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಗಾಳದ ಹವ್ಯಾಸವಿರುವ ನನ್ನ ವಿದ್ಯಾರ್ಥಿಗಳು ದೊಡ್ಡ ಬಾಳೆಮೀನು ಸಿಕ್ಕರೆ ದಯವಿಟ್ಟು ಬಿಟ್ಟುಬಿಡಿ. ರೀಲು ಕೊಳ್ಳುವ ಮುನ್ನ ತಕ್ಕಡಿ ಕಟ್ಟಿ ಎಳೆದು ನೋಡಿ. ಅದಕ್ಕೆ ತಗಲುವುದು ಎರಡೇ ನಿಮಿಷ.