ಸ್ಟಾಕ್ಟನ್ನಿನ ಮರಳುಗುಡ್ಡಗಳಲ್ಲಿ ನಾಲ್ಕು ಗಾಲಿಯ ಸವಾರಿ

ಸಿಡ್ನಿ ನಗರದಿಂದ ಉತ್ತರಕ್ಕೆ ಮೋಟಾರಿನಲ್ಲಿ ಎರಡು ಗಂಟೆಯ ಹಾದಿ ಸವೆಸಿದರೆ ನ್ಯೂಕ್ಯಾಸಲ್ ಎಂಬ ಕಲ್ಲಿದ್ದಲಿನ ಬಂದರು ಎದುರಾಗುತ್ತದೆ. ಹಂಟರ್ ನದಿ ಅಲ್ಲಿ ಸಮುದ್ರವನ್ನು ಸೇರುತ್ತದೆ. ನದಿಯ ಆಚೆಯ ದಡದಲ್ಲಿರುವ ಸ್ಟಾಕ್ಟನ್ನಿನಿಂದ ಮೊದಲಾಗಿ ಆನಾ ಬೇ ಎಂಬ ಊರಿನವರೆಗೆ, 32 ಕಿಲೋಮೀಟರುಗಳ ಉದ್ದಕ್ಕೂ ಮರಳಿನದೇ ರಾಜ್ಯ. ಒಂದು ಪಕ್ಕದಲ್ಲಿ ಪೆಸಿಫಿಕ್ ಸಾಗರದ ನೀಲಿ. ಇನ್ನೊಂದು ಪಕ್ಕದಲ್ಲಿ ಕುರುಚಲು ಕಾಡಿನ ಹಸುರು. ನಡುವೆ ಮೂವತ್ತು ಮೀಟರಿಗೂ ಮಿಗಿಲಾಗಿ ಎದ್ದುನಿಂತ ಹೊಂಬಣ್ಣದ ದಿಬ್ಬಗಳು. ಈ ದಿಬ್ಬಗಳು ನಿಂತಲ್ಲಿ ನಿಲ್ಲುವುವಲ್ಲ. ಕಡಲ ಗಾಳಿ ಕಣಕಣವಾಗಿ ಇವನ್ನು ಹೊತ್ತು ಒಳನಾಡಿನ ಕಡೆಗೆ ಸರಿಸುತ್ತಲೇ ಇರುತ್ತದೆ. ಕಾವೇರಿಯ ದಡದಲ್ಲಿ ಗುಡಿಗಳನ್ನೇ ನುಂಗಿ ಕುಳಿತ ತಲಕಾಡಿನ ಮರಳನ್ನು ಬಲ್ಲ ಕನ್ನಡಿಗನಿಗೆ ಈ ನೋಟ ತೀರ ಅಪರಿಚಿತವೆನಿಸದು.

ಈ ಮರಳಿಗೆ ಒಡೆಯರುಂಟು. ವೊರಿಮಿ ಎಂಬ ಮೂಲನಿವಾಸಿ ಜನ ಸಹಸ್ರಾರು ವರ್ಷಗಳಿಂದ ಇಲ್ಲಿ ಬಾಳಿದವರು. ಅವರ ಹಿರಿಯರು ತಿಂದು ಬಿಸುಟ ಕಪ್ಪೆಚಿಪ್ಪುಗಳ ರಾಶಿಗಳು ಇಂದಿಗೂ ದಿಬ್ಬಗಳ ನಡುವಣ ತಗ್ಗುಗಳಲ್ಲಿ ಬಿಳಿ ಬಿಳಿಯಾಗಿ ಕಾಣುತ್ತವೆ. 2007ರಲ್ಲಿ ಸುಮಾರು 4,200 ಹೆಕ್ಟೇರು ಭೂಮಿಯ ಒಡೆತನ ಕಾನೂನಿನ ಪ್ರಕಾರ ಈ ಜನಕ್ಕೆ ಮರಳಿ ಬಂದಿತು. ಈಗ ಅವರೂ ಸರ್ಕಾರವೂ ಜೊತೆಗೂಡಿ ಅದನ್ನು ಕಾಯುತ್ತಾರೆ. ದಿಬ್ಬಗಳ ನಡುವೆ ತಗಡಿನ ಗುಡಿಸಲುಗಳ ಪುಟ್ಟ ಕೇರಿಯೊಂದಿದೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಮನೆಮಠ ಕಳೆದುಕೊಂಡವರು ಅಲ್ಲಿ ಬೀಡುಬಿಟ್ಟಿದ್ದರಂತೆ. ‘ತಗಡಿನ ಪಟ್ಟಣ’ ಎಂದೇ ಅದರ ಹೆಸರು. 1974ರ ಮೇ ತಿಂಗಳ ಬಿರುಗಾಳಿಯಲ್ಲಿ ನಾರ್ವೆಯ ಸಿಗ್ನಾ ಎಂಬ ಭಾರಿ ಹಡಗು ಇದೇ ಕರೆಯಲ್ಲಿ ನೆಲಕಚ್ಚಿ ಮುರಿದು, ದಶಕಗಳ ಕಾಲ ತುಕ್ಕು ಹಿಡಿದು ನಿಂತಿತ್ತು.

ಕಾಲು ಹೂತುಹೋಗುವ ಇಂತಹ ನೆಲದಲ್ಲಿ ಸಂಚರಿಸಲು ಇಲ್ಲಿಯ ಜನ ನೆಚ್ಚಿರುವ ವಾಹನಗಳಲ್ಲಿ ಕ್ವಾಡ್ ಬೈಕ್ ಒಂದು. ವೊರಿಮಿ ಜನರೇ ಇದರ ಮೇಲೆ ಪ್ರವಾಸಿಗಳನ್ನು ಕರೆದೊಯ್ದು ತಮ್ಮ ನೆಲದ ಕಥೆಯನ್ನು ಹೇಳುತ್ತಾರೆ. ಸಿಡ್ನಿಯಲ್ಲಿ ನೆಲೆಸಿರುವ ನನ್ನ ಅಕ್ಕ, ಭಾವ ಮತ್ತು ಹದಿನಾಲ್ಕರ ಹರೆಯದ ಸೋದರಳಿಯನೊಡನೆ ಆನಾ ಬೇಗೆ ಹೋದಾಗ ಈ ವಾಹನದ ಗುಣಾವಗುಣಗಳನ್ನು ಸಮೀಪದಿಂದ ಕಾಣುವ ಅವಕಾಶ ನನಗೆ ಒದಗಿತು.

ವಾಹನದ ಜಾತಕ

1970ರಲ್ಲಿ ಹೋಂಡಾ ಕಂಪೆನಿ ಉಬ್ಬಿದ ಬಲೂನಿನಂಥ ಮೂರು ಗಾಲಿಗಳ ಬಂಡಿಯೊಂದನ್ನು ಪೇಟೆಗೆ ತಂದಿತು. ಅದು ಮಗುಚಿ ಬೀಳುವುದರಲ್ಲಿ ಎಷ್ಟು ಹೆಸರು ಪಡೆಯಿತೆಂದರೆ, ಅಮೆರಿಕದಲ್ಲಿ 1988ರಲ್ಲಿ ಹೊಸ ಮೂರು ಗಾಲಿ ಬಂಡಿಗಳ ಮಾರಾಟವೇ ನಿಂತುಹೋಯಿತು. ಅಷ್ಟರಲ್ಲಿ, 1980ರ ದಶಕದ ಆರಂಭದಲ್ಲಿಯೇ, ಸುಜುಕಿಯವರು ನಾಲ್ಕನೆಯ ಗಾಲಿಯನ್ನು ಜೋಡಿಸಿದ್ದರು. ಆಸ್ಟ್ರೇಲಿಯದ ವಿಶಾಲ ಹೊಲಗಳಲ್ಲಿ ಕುರಿಮಂದೆಯನ್ನು ಅಟ್ಟುವುದಕ್ಕೂ ಬೇಲಿಯನ್ನು ನೋಡಿಬರುವುದಕ್ಕೂ ರೈತರು ಇದನ್ನು ಕುದುರೆಯ ಬದಲು ಬಳಸತೊಡಗಿದರು.

ನಾಲ್ಕು ಗಾಲಿ ಎಂದೊಡನೆ ಭದ್ರವೆಂದು ಭಾವಿಸುವುದು ಸಹಜ. ಆದರೆ ಇದರ ಅಗಲ ಕಿರಿದು, ಭಾರ ಮೇಲೆ. ಹೊಲಗೆಲಸದ ಬಂಡಿಯೊಂದು ಇನ್ನೂರೈವತ್ತರಿಂದ ಮುನ್ನೂರೈವತ್ತು ಕಿಲೋ ತೂಗುವುದುಂಟು. ಮೋಟಾರ್ ಸೈಕಲ್ಲು ಬಿದ್ದರೆ ಸವಾರ ಒಂದು ಕಡೆ, ಗಾಡಿ ಒಂದು ಕಡೆ. ಇದು ಬಿದ್ದರೆ ಸವಾರನ ಮೇಲೆಯೇ ಉರುಳುತ್ತದೆ. ಎದೆಯ ಮೇಲೆ ಕುಳಿತ ಭಾರವನ್ನು ಒಬ್ಬನೇ ಎತ್ತಲಾರದೆ ಉಸಿರುಕಟ್ಟಿ ಸತ್ತವರು ಆಸ್ಟ್ರೇಲಿಯದಲ್ಲಿ ಹಲವರು. ಅವರಲ್ಲಿ ಮಕ್ಕಳೂ ಇದ್ದಾರೆ. ರಕ್ಷಣೆಯ ಸಾಮಗ್ರಿಗಳ ವಿಚಾರವೆಲ್ಲ ಈ ಒಂದು ಸಂಗತಿಯಿಂದಲೇ ಆರಂಭವಾಗಬೇಕು.

ತಲೆಯಿಂದ ಕಾಲಿನವರೆಗೆ

ಮೊದಲು ಹೆಲ್ಮೆಟ್ಟು. ಅದರ ಹೊರಚಿಪ್ಪಿನ ಹೊಳಪಿಗಿಂತ ಒಳಗಿನ ಥರ್ಮೋಕೋಲಿನಂತಹ ಪದರವೇ ಮುಖ್ಯ. ಪೆಟ್ಟು ಬಿದ್ದಾಗ ತಾನು ನಜ್ಜುಗುಜ್ಜಾಗಿ ತಲೆಯನ್ನು ಉಳಿಸುವುದು ಅದೇ. ಆದ್ದರಿಂದ ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟು ನೋಡಲು ಚೆನ್ನಾಗಿದ್ದರೂ ತ್ಯಾಜ್ಯ. ಕೊಳ್ಳುವಾಗ ಮಾನಕ ಸಂಖ್ಯೆಯನ್ನು ನೋಡಬೇಕು: ನಮ್ಮಲ್ಲಿ ಐಎಸ್ 4151, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ 1698. ಹೊಲದಲ್ಲಿ ಮೆಲ್ಲಗೆ ಓಡಿಸುವವರಿಗಾಗಿ 8600 ಎಂಬ ಸಂಖ್ಯೆಯ ಹಗುರ ಬಗೆಯೂ ಅಲ್ಲುಂಟು. ಆದರೆ ಅದು ಗಂಟೆಗೆ 30 ಕಿಲೋಮೀಟರು ವೇಗದೊಳಗಿನ ಕೆಲಸಕ್ಕೆ ಮಾತ್ರ. ತೊಟ್ಟ ಮೇಲೆ ಗಲ್ಲದ ಪಟ್ಟಿಯನ್ನು ಬಿಗಿದು, ಹಿಂದಿನಿಂದ ಮೇಲಕ್ಕೆ ತಳ್ಳಿ ನೋಡಬೇಕು. ಕಳಚಿ ಬಂದರೆ ಅದು ನಿಮ್ಮ ತಲೆಯದಲ್ಲ.

ಮರಳುನಾಡಿನಲ್ಲಿ ಕಣ್ಣಿಗೆ ಸಾಮಾನ್ಯ ಕನ್ನಡಕ ಸಾಲದು. ಮುಂದಿನ ಗಾಡಿ ಎರಚುವ ಮರಳು ಪಕ್ಕದಿಂದ ನುಸುಳುತ್ತದೆ. ಸುತ್ತಲೂ ಮುಚ್ಚಿಕೊಳ್ಳುವ ಗಾಗಲ್ಸ್ ಬೇಕು. ಕೈಗೆ ಗವುಸು ತೊಟ್ಟರೆ ಬೆವರಿನಿಂದ ಹಿಡಿ ಜಾರದು. ಕಾಲಿಗೆ ಹರಡನ್ನು ಮುಚ್ಚುವ, ಅಡಿಯಲ್ಲಿ ಗೀರುಗಳಿರುವ ಬೂಟೇ ಆಗಬೇಕು. ಪಾದವಿಡುವ ಕಟ್ಟೆಯಿಂದ ಕಾಲು ಜಾರಿದರೆ ಹಿಂದಿನ ಗಾಲಿ ಅದನ್ನು ಸೆಳೆದುಕೊಳ್ಳಬಲ್ಲದು. ಚಪ್ಪಲಿಯಲ್ಲಿ ಬಂದವರು ದಡದಲ್ಲಿಯೇ ಕುಳಿತು ಸಮುದ್ರವನ್ನು ನೋಡುವುದು ಮೇಲು.

ಉಡುಪಿನ ಮಾತು ನಮ್ಮವರಿಗೆ ವಿಶೇಷವಾಗಿ ಸಲ್ಲುತ್ತದೆ. ತುಂಬುತೋಳಿನ ಅಂಗಿ, ಮೈಗೆ ಹತ್ತಿದ ಪ್ಯಾಂಟು ಸರಿ. ಸೀರೆಯ ಸೆರಗು, ದುಪಟ್ಟಾ, ಪಂಚೆ ಸಲ್ಲವು. ಪ್ರಸಿದ್ಧ ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಪ್ರಾಣ ಬಿಟ್ಟದ್ದು, ಕೊರಳಿನ ಉದ್ದನೆಯ ರೇಶ್ಮೆ ವಸ್ತ್ರ ಮೋಟಾರಿನ ಗಾಲಿಗೆ ಸುತ್ತಿಕೊಂಡದ್ದರಿಂದ. ಇಲ್ಲಿ ಗಾಲಿ ಸವಾರನ ತೊಡೆಯಿಂದ ಗೇಣುದೂರದಲ್ಲಿಯೇ ತಿರುಗುತ್ತಿರುತ್ತದೆ.

ಉದ್ದನೆಯ ಆಸನದ ಗುಟ್ಟು

ನಮ್ಮ ಹುಡುಗನಿಗೆ ಸವಾರಿಯ ಆಸೆ ಬಹಳ. ಬಂಡಿಯ ಮೈಗೆ ಅಂಟಿಸಿದ್ದ ಎಚ್ಚರಿಕೆಯ ಚೀಟಿಯನ್ನು ಅಕ್ಕ ಅವನಿಂದಲೇ ಓದಿಸಿದಳು. ಹದಿನಾರು ತುಂಬದವರು ಇದನ್ನು ನಡೆಸಕೂಡದೆಂದು ಅದರಲ್ಲಿತ್ತು. ಹುಡುಗ ಸುಮ್ಮನಾಗಲಿಲ್ಲ.

“ನಡೆಸುವುದು ಬೇಡಮ್ಮ, ಮಾಮನ ಹಿಂದೆ ಕೂರುತ್ತೇನೆ. ಸೀಟು ಇಷ್ಟುದ್ದ ಇದೆಯಲ್ಲ!”

“ಅದರ ಕೆಳಗಿನ ಸಾಲನ್ನೂ ಓದು, ಮಗು,” ಎಂದಳು ಅಕ್ಕ.

ಇನ್ನೊಬ್ಬರನ್ನು ಕೂರಿಸಿಕೊಳ್ಳಬಾರದು ಎಂದಿತ್ತು ಆ ಸಾಲು.

ಹುಡುಗನ ತರ್ಕ ನಮ್ಮೆಲ್ಲರ ತರ್ಕವೇ. ಆದರೆ ಆ ಉದ್ದನೆಯ ಆಸನ ಇಬ್ಬರಿಗೆಂದು ಮಾಡಿದ್ದಲ್ಲ; ಒಬ್ಬನೇ ಸವಾರ ಹಿಂದೆ ಮುಂದೆ, ಆಚೆ ಈಚೆ ಸರಿಯಲೆಂದು ಮಾಡಿದ್ದು. ಏರಿನಲ್ಲಿ ಮುಂದಕ್ಕೆ ಬಾಗಬೇಕು, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಬೇಕು, ತಿರುವಿನಲ್ಲಿ ಒಳಮಗ್ಗುಲಿಗೆ ಭಾರ ಹಾಕಬೇಕು. ಸವಾರನ ಮೈಯೇ ಈ ಬಂಡಿಯ ಸಮತೂಕದ ಬಟ್ಟು. ಹಿಂದೆ ಇನ್ನೊಬ್ಬರು ಕುಳಿತರೆ ಆ ಬಟ್ಟು ಚಲಿಸಲಾರದು. ಇಬ್ಬರಿಗೆಂದೇ ನಿರ್ಮಿಸಿದ ಬಂಡಿಗಳು ಬೇರೆ ಇವೆ, ಇದು ಅದಲ್ಲ. ವಿಷಯವನ್ನು ಕೇಳಿದ ಹುಡುಗ ಮುಖವನ್ನು ಸಪ್ಪಗೆ ಮಾಡಿಕೊಂಡರೂ ತಾಯಿಯೊಡನೆ ಮರಳಿನ ಮೇಲೆ ಜಾರುವ ಹಲಗೆಯನ್ನು ಬಾಡಿಗೆಗೆ ಹಿಡಿದು, ದಿಬ್ಬದ ನೆತ್ತಿಯಿಂದ ಬುಡದವರೆಗೆ ಇಪ್ಪತ್ತು ಸಲವಾದರೂ ಜಾರಿದನು.

ಕಾನೂನು ಮತ್ತು ಕಮಾನು

ಸಾವುಗಳನ್ನು ಕಂಡು ಆಸ್ಟ್ರೇಲಿಯದ ಸರ್ಕಾರ 2019ರಲ್ಲಿ ಕಟ್ಟುನಿಟ್ಟಾದ ನಿಯಮವನ್ನು ಹೊರಡಿಸಿತು. 2021ರ ಅಕ್ಟೋಬರಿನಿಂದ, ಹೊಲಗೆಲಸದ ಹೊಸ ಕ್ವಾಡ್ ಬೈಕುಗಳಿಗೆಲ್ಲ ಸವಾರನ ಬೆನ್ನ ಹಿಂದೆ ರಕ್ಷಣೆಯ ಕಮಾನು ಕಡ್ಡಾಯವಾಯಿತು. ಬಂಡಿ ಮಗುಚಿದರೂ ಪೂರ್ತಿ ಒರಗದೆ, ಕೆಳಗಿದ್ದವನಿಗೆ ಉಸಿರಾಡುವಷ್ಟು ಎಡೆಯನ್ನು ಇದು ಉಳಿಸುತ್ತದೆ. ಕಮಾನೇ ಸವಾರನಿಗೆ ಪೆಟ್ಟು ಕೊಟ್ಟೀತೆಂದು ವಾದಿಸಿದ ಹೋಂಡಾ, ಯಮಹಾ ಮುಂತಾದ ದೊಡ್ಡ ಕಂಪೆನಿಗಳು ಅಲ್ಲಿ ಇಂತಹ ಬಂಡಿಗಳ ಮಾರಾಟವನ್ನೇ ನಿಲ್ಲಿಸಿದವು. ಸರ್ಕಾರ ಹಿಂದೆ ಸರಿಯಲಿಲ್ಲ.

ಅದೇ ನಿಯಮದಲ್ಲಿ ಇನ್ನೊಂದು ಅಂಕಿ ಇದೆ: ಪಕ್ಕಕ್ಕೆ ಓರೆಮಾಡಿ ಪರೀಕ್ಷಿಸುವಾಗ ಬಂಡಿ 28.8 ಡಿಗ್ರಿಯವರೆಗಾದರೂ ಮಗುಚದೆ ನಿಲ್ಲಬೇಕು. ಇದನ್ನು ಮರಳಿನ ಲೆಕ್ಕದೊಡನೆ ಹೋಲಿಸಿ ನೋಡಿ. ಗಾಳಿಗೆ ಮರೆಯಾದ ಮಗ್ಗುಲಲ್ಲಿ ಒಣಮರಳು ತಾನಾಗಿ ಜಾರಿ ನಿಲ್ಲುವ ಓರೆ ಸುಮಾರು 32ರಿಂದ 34 ಡಿಗ್ರಿ. ಎಂದರೆ ದಿಬ್ಬದ ಬೆನ್ನು, ಬಂಡಿಯಿಂದ ಕಾನೂನು ಬಯಸುವ ತಾಳಿಕೆಗಿಂತ ಹೆಚ್ಚು ಕಡಿದು! ಅಲ್ಲಿ ಅಡ್ಡಡ್ಡ ಓಡಿಸುವವನನ್ನು ಯಾವ ಹೆಲ್ಮೆಟ್ಟೂ ಹಿಡಿದು ನಿಲ್ಲಿಸದು.

ನಮ್ಮ ಮುಂದಾಳಾಗಿದ್ದ ವೊರಿಮಿ ತರುಣ ಇದನ್ನು ಅಂಕಿಗಳಿಲ್ಲದೆಯೇ ಕಲಿಸಿದ. ದಿಬ್ಬವನ್ನು ನೇರವಾಗಿ ಏರಬೇಕು, ನೇರವಾಗಿ ಇಳಿಯಬೇಕು. ನೆತ್ತಿಯಲ್ಲಿ ವೇಗವನ್ನು ತಗ್ಗಿಸಿ, ಆಚೆಗೇನಿದೆಯೆಂದು ಕಂಡ ಮೇಲೆಯೇ ಮುಂದುವರಿಯಬೇಕು. ದಿಬ್ಬದ ಮರೆಯಲ್ಲಿರುವವರಿಗೂ ಕಾಣಲೆಂದು ಬಂಡಿಯ ಹಿಂದೆ ಉದ್ದನೆಯ ಕೋಲಿನಲ್ಲಿ ಬಾವುಟ ಹಾರುತ್ತಿತ್ತು. ನಡುವೆ ಒಂದೆಡೆ ಅವನು ಎಂಜಿನ್ ನಿಲ್ಲಿಸಿ, ಚಿಪ್ಪಿನ ರಾಶಿಯೊಂದನ್ನು ತೋರಿಸಿ, ಅದನ್ನು ತುಳಿಯದಂತೆ ಸುತ್ತಿ ಬರಲು ಹೇಳಿದ. ಅವನ ಪೂರ್ವಿಕರು ಕುಳಿತು ಉಂಡ ಜಾಗ ಅದು. ಆ ನಿಶ್ಶಬ್ದದಲ್ಲಿ ಕಡಲಿನ ಮೊರೆತದ ಹೊರತು ಬೇರೇನೂ ಕೇಳಿಸುತ್ತಿರಲಿಲ್ಲ.

ಈಚೆಗೆ ನಮ್ಮ ಕೊಡಗು, ಚಿಕ್ಕಮಗಳೂರುಗಳ ವಿಶ್ರಾಂತಿಧಾಮಗಳಲ್ಲಿಯೂ ಈ ಬಂಡಿಗಳು ಕಾಣಿಸಿಕೊಂಡಿವೆ. ರಜೆಯಲ್ಲಿ ಸಂಸಾರಸಮೇತ ಹೋಗುವ ಓದುಗರು ಹಣ ತೆರುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಹೆಲ್ಮೆಟ್ಟು ತಲೆಗೆ ಸರಿಹೊಂದುವುದೇ? ಬಂಡಿಗೆ ಕಮಾನು ಇದೆಯೇ? ಹಾದಿ ಸಮತಟ್ಟೇ, ಇಳಿಜಾರೇ? ಮುಂದೆ ದಾರಿ ತೋರುವವರು ಯಾರು? ಉತ್ತರ ಸಮರ್ಪಕವಾಗಿದ್ದರೆ ಸಂತೋಷದಿಂದ ಸವಾರಿ ಮಾಡಬಹುದು. ಹದಿನಾರು ತುಂಬದ ಮಕ್ಕಳಿಗೆ ದೊಡ್ಡವರ ಬಂಡಿಯನ್ನು ಕೊಡುವುದೂ, ಅವರನ್ನು ಹಿಂದೆ ಕೂರಿಸಿಕೊಳ್ಳುವುದೂ ಎಷ್ಟು ಅತ್ತರೂ ಬೇಡ. ಮಕ್ಕಳ ಅಳು ಒಂದು ಗಳಿಗೆಯದು.