ಸಿಯಾಟಲ್‌ನ ಚಿರೋಟಿ ಅಯಸ್ಕಾಂತ

ಸಿಯಾಟಲ್‌ಗೆ ಬಂದವರು ಸ್ಪೇಸ್ ನೀಡಲ್ ಹತ್ತಿ ಸೆಲ್ಫಿ ತಗೋತಾರೆ. ನಾನು ಯು ಡಿಸ್ಟ್ರಿಕ್ಟ್ ಸ್ಟೇಷನ್‌ನಲ್ಲಿ ಇಳಿದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಕಟ್ಟಡದ ಕಡೆ ನಡೆದೆ. ಮಳೆಗೆ ಹೆಸರಾದ ಊರಲ್ಲಿ ಈ ಕಟ್ಟಡದ ಗೋಡೆ ಮೇಲೆ ದೊಡ್ಡ ಸೂರ್ಯಗಡಿಯಾರ! ಒಳಗೆ ನಿಧಾನಕ್ಕೆ ತೂಗುವ ಫೂಕೋ ಲೋಲಕ.

ನನ್ನನ್ನು ಎಳೆದು ತಂದದ್ದು ಮಾತ್ರ ಕಣ್ಣಿಗೆ ಕಾಣದ ಅಯಸ್ಕಾಂತ. ಕ್ರೋಮಿಯಂ ಟ್ರೈಅಯೊಡೈಡ್ ಹರಳಿನ ಒಂದೇ ಒಂದು ಪದರವೂ ಅಯಸ್ಕಾಂತವಾಗಿರುತ್ತೆ ಅಂತ 2017ರಲ್ಲಿ ಇಲ್ಲಿನ ಷಿಯಾವ್‌ಡಾಂಗ್ ಶು ತಂಡ ಎಂಐಟಿಯವರ ಜೊತೆ ಸೇರಿ ತೋರಿಸಿತು.

ಈ ಹರಳು ನಮ್ಮ ಚಿರೋಟಿಯ ಹಾಗೆ. ಪದರದೊಳಗೆ ಬಿಗಿ, ಪದರಗಳ ನಡುವೆ ಸಡಿಲ. ಅಂಟುಟೇಪಿನಿಂದ ಎಳೆದರೆ ಬಿಡಿಸಿಕೊಂಡು ಬರುತ್ತೆ. ಎಲೆಕ್ಟ್ರಾನಿನ ಸ್ಪಿನ್ ಅಂದರೆ ಪುಟ್ಟ ದಿಕ್ಸೂಚಿ ಅಂದುಕೊಳ್ಳಿ. ಎಲ್ಲ ದಿಕ್ಕೂ ಒಂದೇ ಆದರೆ, ಇಷ್ಟು ತೆಳು ಹಾಳೆಯಲ್ಲಿ ಸ್ವಲ್ಪ ಶಾಖಕ್ಕೂ ಅವು ಸಾಲು ತಪ್ಪುತ್ತವೆ ಅನ್ನುತ್ತೆ 1966ರ ಒಂದು ಸಿದ್ಧಾಂತ. ಇಲ್ಲಿ ಹಾಗಾಗಲಿಲ್ಲ. ಈ ಹರಳಿನ ಸ್ಪಿನ್‌ಗಳಿಗೆ ಮೇಲೆ ಇಲ್ಲವೇ ಕೆಳಗೆ ಮುಖ ಮಾಡಿ ನಿಲ್ಲುವ ಹಟ. ಆ ಹಟವೇ ಸಾಲನ್ನು ಉಳಿಸಿತು.

ಮಜಾ ಇರೋದು ಎಣಿಕೆಯಲ್ಲಿ. ಒಂದು ಪದರ ಅಯಸ್ಕಾಂತ. ಎರಡಿದ್ದರೆ ಒಂದು ಮೇಲೆ, ಒಂದು ಕೆಳಗೆ, ಲೆಕ್ಕ ಸೊನ್ನೆ. ಮೂರಾದರೆ ಮತ್ತೆ ಅಯಸ್ಕಾಂತ!

ಇದರಿಂದ ನಮಗೇನು? ಚಿಪ್‌ನಲ್ಲಿ ಕರೆಂಟ್ ಹರಿದಷ್ಟೂ ಬಿಸಿ; ನಿಮ್ಮ ಕೈಲಿರೋ ಫೋನೇ ಸಾಕ್ಷಿ. ನಾನು ಡೇಟಾ ಸೆಂಟರ್ ಕೆಲಸದವಳು, ಸರ್ವರ್ ತಣ್ಣಗಿಡೋಕೆ ಎಷ್ಟು ಕರೆಂಟ್ ಹೋಗುತ್ತೆ ಅಂತ ದಿನಾ ನೋಡ್ತೀನಿ. ಸ್ಪಿನ್ನಿನ ಮೇಲು–ಕೆಳಗನ್ನೇ ಒಂದು–ಸೊನ್ನೆಯಾಗಿ ಬರೆಯುವ ವಿದ್ಯೆ ಸ್ಪಿನ್‌ಟ್ರಾನಿಕ್ಸ್. ಪವರ್ ಹೋದರೂ ಬರೆದದ್ದು ಉಳಿಯುತ್ತೆ. ಈಗಿನ ಸ್ಪಿನ್ ಮೆಮೊರಿಗಳಲ್ಲಿ ಬರೆಯೋಕೆ ಕರೆಂಟ್ ಹರಿಸಲೇಬೇಕು. ಆದರೆ ಎರಡು ಪದರದ ಹರಳಿನಲ್ಲಿ, ಹೊರಗಿನ ಕಾಂತಕ್ಷೇತ್ರದ ನೆರವಿದ್ದಾಗ, ವೋಲ್ಟೇಜ್ ಕೊಟ್ಟೇ ಸ್ಪಿನ್ ತಿರುಗಿಸಬಹುದು ಅಂತ 2018ರಲ್ಲಿ ಗೊತ್ತಾಯ್ತು.

ಅಡ್ಡಿಗಳೂ ಇವೆ. ಒಂಟಿ ಪದರದ ಕಾಂತತ್ವ ಸುಮಾರು ಮೈನಸ್ 228 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾಯ. ತೇವದ ಗಾಳಿ ತಾಕಿದರೆ ಹರಳೇ ಹಾಳು. ಅದಕ್ಕೇ ಜಡ ಅನಿಲ ತುಂಬಿದ ಪೆಟ್ಟಿಗೆಯೊಳಗೆ, ಕೈಗವಸು ತೂರಿಸಿಯೇ ಕೆಲಸ. ಆಮೇಲೆ ಬಂದ ಕಬ್ಬಿಣ–ಗ್ಯಾಲಿಯಂ–ಟೆಲ್ಲೂರಿಯಂ ಹರಳು ಕೋಣೆಯ ಉಷ್ಣತೆಯಲ್ಲೂ ಅಯಸ್ಕಾಂತವಾಗಿರುತ್ತೆ. ಇನ್ನು ಟೇಪಿನಿಂದ ಸುಲಿಯೋದು ಬಿಟ್ಟು, ಇಡೀ ಸಿಲಿಕಾನ್ ಬಿಲ್ಲೆಯ ಮೇಲೆ ಇಂಥ ಪದರಗಳನ್ನು ಒಂದೇ ಸಮ ಬೆಳೆಸೋದು ಕೈಗೂಡಬೇಕು.

ಅಲ್ಲೀವರೆಗೆ ಫೋನ್ ಬಿಸಿಯಾದರೆ ಕವರ್ ತೆಗೆದಿಡಿ!